ಇಪ್ಪತ್ತಾರು ಸೆಂಟಿಮೀಟರ್

ಎಂಜಿನ್ನು ಬಂದದ್ದು ಮುಚ್ಚಿಹೋದ ಮರದ ಮಿಲ್ಲಿನಿಂದ.
ಒಂದೇ ಸಿಲಿಂಡರಿನ ಹಳೇ ಡೀಸೆಲ್ಲು, ಆರು ಕುದುರೆ,
ನಿಮಿಷಕ್ಕೆ ಆರುನೂರೈವತ್ತು ಸುತ್ತು,
ಗದರಿದರೂ ಅಷ್ಟೆ, ಮುದ್ದು ಮಾಡಿದರೂ ಅಷ್ಟೆ.
ಜನರೇಟರಿನ ತಲೆ ಬಂದದ್ದು ಕಾಸ್ತ್ರೋ ಪೇಟೆಯಿಂದ, ದೋಣಿಯಲ್ಲಿ,
ಆಲೂಗಡ್ಡೆ ಬೀಜದ ಮೂಟೆಗಳ ನಡುವೆ.
ಹಸಿರು ಬಣ್ಣ ಇನ್ನೂ ಕೈಗಂಟುವಷ್ಟು ಹೊಸದು,
ಬೆನ್ನಿಗೆ ತಗಡಿನ ಚೀಟಿ:
ಐದು ಕಿಲೋವ್ಯಾಟ್, ಸಾವಿರದೈನೂರು ಸುತ್ತು.

ಒಂದು ಎಮ್ಮೆ. ಒಂದು ಜೇನ್ನೊಣ.

'ಐದು ಅಂತ ಬರೆದಿದೆಯಲ್ಲ' ಅಂದ ಬೌದಿಲಿಯೊ.
ಬರೆದವರಿಗೇನು, ತಿರುಗಿಸುವವರು ಯಾರು?
ಎದೂವಿನಾ ಬೆರಳು ಮಡಚಿದಳು:
ಒಂದು ಕಿಲೋವ್ಯಾಟಿಗೆ ಎರಡು ಕುದುರೆ, ಆರು ಕುದುರೆಗೆ ಮೂರು,
ಮಿಕ್ಕ ಎರಡು ತಗಡಿನ ಮೇಲೇ ಇದ್ದುಕೊಳ್ಳಲಿ.
ಮೂರರಲ್ಲಿ ಅವಳ ಮೀನಿನ ಫ್ರೀಜರು,
ಐದು ಮನೆಯ ದೀಪ, ನನ್ನ ಶಾಲೆಗೊಂದು.

ನೇರ ಜೋಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ಬೆಲ್ಟು ಬೇಕು, ಬೆಲ್ಟಿಗೊಂದು ಲೆಕ್ಕ ಬೇಕು.
ಆ ವಾರ ನಾನು ಬೇರೇನೂ ಪಾಠ ಮಾಡಲಿಲ್ಲ.
ಕರಿಹಲಗೆಯ ಮೇಲೆ ಎಂಜಿನ್ನಿನ ದೊಡ್ಡ ಗಾಲಿ, ಅಡ್ಡಳತೆ ಅರವತ್ತು.
ಹನ್ನೊಂದು ಮಕ್ಕಳು ಗುಣಿಸಿದರು, ಹತ್ತು ಜನ ಭಾಗಿಸುವಾಗ ಎಡವಿದರು,
ರುತ್ ಚಿಗ್ವಾಯ್ ಮಾತ್ರ, ಮೂಗೊರೆಸಿಕೊಳ್ಳುತ್ತ,
'ಇಪ್ಪತ್ತಾರು, ಶೇಷ ಇಲ್ಲ' ಅಂದಳು.

ಕೊಟ್ಟಿಗೆಯಲ್ಲಿ ಸಿಕ್ಕಿದ್ದು ಇಪ್ಪತ್ತೆರಡರ ಗಾಲಿ.
'ನಾಲ್ಕು ಸೆಂಟಿಮೀಟರಿಗೆ ಯಾರಾದರೂ ಅಳುತ್ತಾರೆಯೆ?'
ಬೌದಿಲಿಯೊ ಅದನ್ನೇ ಏರಿಸಿ ಹ್ಯಾಂಡಲ್ ತಿರುವಿದ.
ಬಲ್ಬು ಹಾಲಿನಂತೆ ಬೆಳಗಿತು. ಎಲ್ಲರೂ ಚಪ್ಪಾಳೆ.
ನಮ್ಮಲ್ಲಿ ಅಳೆಯುವ ಮೀಟರಿಲ್ಲ,
ಶಾಲೆಯ ಗೋಡೆ ಗಡಿಯಾರವಿದೆ, ಕರೆಂಟಿನ ಹೆಜ್ಜೆ ಎಣಿಸಿ ನಡೆಯುವಂಥದ್ದು.
ಏಳಕ್ಕೆ ಪ್ಲಗ್ಗು ಸಿಕ್ಕಿಸಿದೆ.
ಬ್ಯಾಟರಿ ರೇಡಿಯೊ ಎಂಟರ ಬೀಪು ಹೊಡೆದಾಗ
ಗೋಡೆಯ ಮೇಲೆ ಎಂಟು ಹನ್ನೊಂದು.
ಚಪ್ಪಾಳೆ ಹೊಡೆದವರೆಲ್ಲ ಕೈ ಜೇಬಿಗೆ ಹಾಕಿಕೊಂಡರು.
'ಹೀಗೇ ಬಿಟ್ಟರೆ ಫ್ರೀಜರು ನನಗಿಂತ ಮೊದಲು ಮುದಿಯಾಗುತ್ತೆ'
ಅಂದು ಎದೂವಿನಾ ತಾನೇ ಎಂಜಿನ್ನಿನ ಉಸಿರು ಕಟ್ಟಿದಳು.

ದೋಣಿ ಕಟ್ಟುವ ದೋನ್ ತರ್ಸೀಲಿಯೊ ಲೂಮಾ ಮರ ತಂದ,
ಉಳಿಯ ಬಾಯಿ ಮುರಿಯುವ ಮರ.
ಮೂರು ದಿನ ಕಡೆದ. ಅಳೆದ. ಮತ್ತೆ ಕೂದಲೆಳೆಯಷ್ಟು ಕೆರೆದ,
'ಬೆಲ್ಟು ಒಂದಿಷ್ಟು ಜಾರಿಯೇ ಜಾರುತ್ತೆ, ಅದಕ್ಕೂ ಪಾಲು ಕೊಡಬೇಕು.'
ಎರಡು ಗಾಲಿಗಳ ಮುಖಕ್ಕೆ ಗಾಳದ ದಾರ ಹಿಡಿದು
ತಲೆಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿಸಿದೆವು.
ಬೆಲ್ಟು ಬಿಗಿಯಾದರೆ ಬೇರಿಂಗು ಅಳುತ್ತೆ,
ಸಡಿಲಾದರೆ ಸುಟ್ಟ ರಬ್ಬರಿನ ನಾತ.
ಹೆಬ್ಬೆರಳಿಗೆ ಒಂದು ಬೆರಳು ತಗ್ಗುವಷ್ಟು,
ಸಾಕು ಅಂದ ಮುದುಕ. ಆ ಬೆರಳು ಅವನದೇ, ದಪ್ಪ.

ಈಗ ಸಂಜೆ ಆರಕ್ಕೆ ಅದು ಕೆಮ್ಮಿ ಏಳುತ್ತದೆ.
ಫ್ರೀಜರು ತಟ್ಟನೆ ಹೊತ್ತಿಕೊಂಡಾಗ
ಎಂಜಿನ್ನು ಹೊರೆ ಹೊತ್ತವರ ಹಾಗೆ ಒಮ್ಮೆ ಹೂಂಕರಿಸಿ,
ಕೊಳವೆಯಲ್ಲಿ ಕಪ್ಪು ಹೊಗೆಯ ಒಂದು ಮುದ್ದೆ,
ಐದೂ ಮನೆಯ ದೀಪ ಕಣ್ಣು ಕಿರಿದು ಮಾಡಿ ಮತ್ತೆ ತೆರೆಯುತ್ತವೆ.
ಸೆಕೆಂಡಿನ ಮುಳ್ಳು ಎಡವಿದಂತೆ ನನಗೆ ಅನಿಸುತ್ತದೆ,
ರುತ್ ಇಲ್ಲ ಅನ್ನುತ್ತಾಳೆ.

ಹತ್ತಕ್ಕೆ ಆರಿಸುತ್ತೇವೆ. ಡೀಸೆಲ್ಲಿಗೆ ದುಡ್ಡು.
ಗಡಿಯಾರ ಹತ್ತರಲ್ಲೇ ನಿಂತು
ಮರುದಿನ ಸಂಜೆ ಹತ್ತರಿಂದಲೇ ಮುಂದುವರಿಯುತ್ತದೆ.
ಮೊದಲೆಲ್ಲ ನಾನು ಕುರ್ಚಿ ಹತ್ತಿ ತಿದ್ದುತ್ತಿದ್ದೆ.
ಈಗ ಬಿಟ್ಟಿದ್ದೇನೆ.
ಅದು ತೋರಿಸುವುದು ಹೊತ್ತನ್ನಲ್ಲ,
ಎಷ್ಟು ತಾಸು ಬೆಳಕಿತ್ತು ಎಂಬುದನ್ನು.
ಅದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ, ಪಕ್ಕದಲ್ಲಿ ಎಣ್ಣೆಯ ಲೀಟರು.